ಮಿಷನ್ನಿಗೆ ಮರ್ಯಾದೆ

ಗಿರಿಜಾಂಬಾ: ಆಗಲ್ಲ ಅಂದ್ರೆ ಆಗಲ್ಲ. ‘ಬರೆ’ ತೆಗಿ, ‘ಬರೆಯಿರಿ’ ಹಾಕು.

ಮಹಾನಂದ: ಮೇಡಂ, ಅದು ಮಿಷನ್ನು. ಅದಕ್ಕೆ ಬೇಜಾರಾಗಲ್ಲ.

ಗಿರಿಜಾಂಬಾ: ನನಗಾಗುತ್ತೆ.

(ಚಾಮರಾಜಪೇಟೆಯ ಒಂದು ಹೈಸ್ಕೂಲು, ೧೯೮೬. ಹೊಲಿಗೆ ಕ್ಲಾಸಿನ ಕೋಣೆಯಲ್ಲಿ ಹೊಸ ಕಂಪ್ಯೂಟರ್ ಕೂತಿದೆ. ಅದಕ್ಕೆ ಕನ್ನಡದಲ್ಲೇ ಆಜ್ಞೆ ಕೊಡುವ ಪುಟ್ಟ ಭಾಷೆಯೊಂದನ್ನು ಮಾಡಿಕೊಟ್ಟವನು ಇಂಜಿನಿಯರ್ ಮಹಾನಂದ, ಇದೇ ಶಾಲೆಯ ಹಳೇ ವಿದ್ಯಾರ್ಥಿ. ಸೋಮವಾರದಿಂದ ಮಕ್ಕಳಿಗೆ ಪಾಠ. ಇವತ್ತು ಶನಿವಾರ, ಹೆಡ್‌ಮಿಸ್ಟ್ರೆಸ್ ಗಿರಿಜಾಂಬಾ ಇನ್ನೂ ಒಪ್ಪಿಲ್ಲ.)

ಮಹಾನಂದ: ಒಂದು ಪದ ಬದಲಾಯಿಸೋದು ಅಷ್ಟು ಸುಲಭ ಅಲ್ಲ ಮೇಡಂ. ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲಾ ಹುಡುಕಿ ಬದಲಾಯಿಸ್ಬೇಕು.

ಗಿರಿಜಾಂಬಾ: ಹುಡುಕು. ನಾಳೆ ಭಾನುವಾರ.

ಮಹಾನಂದ: ದೇವರಿಗೇ ಏಕವಚನ ಅಲ್ವಾ? ‘ಕಾಪಾಡಪ್ಪಾ’ ಅಂತೀವಿ. ‘ದಯವಿಟ್ಟು ಕಾಪಾಡಿ ಸಾರ್’ ಅಂತೀವಾ?

ಗಿರಿಜಾಂಬಾ: ದೇವರು ಮನೆಯವನು. ಇದು ಡಿಪಾರ್ಟ್‌ಮೆಂಟಿಂದು. ಮಕ್ಕಳು ಇಲ್ಲಿ ಕೂತು ಬರೆ, ಓದು, ನಿಲ್ಲು ಅಂತ ಅಧಿಕಾರ ಮಾಡಿ, ಮನೆಗೆ ಹೋಗಿ ತಾತನಿಗೆ ‘ಏಳು’ ಅಂದ್ರೆ?

ಮಹಾನಂದ: ತಾತ ಏಳ್ತಾರೆ. ನೋಡಿ, ಎಷ್ಟು ಚುಟುಕಾಗಿದೆ. ಈಗ ಇದು ಒಂದರಿಂದ ಎಣಿಸ್ತಾ ಹೋಗುತ್ತೆ. ಸಾಕು ಅನ್ನಿಸಿದಾಗ ಟೈಪ್ ಮಾಡೋದು, ‘ನಿಲ್ಲು’!

(ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಬರುತ್ತಿದ್ದ ಅಟೆಂಡರ್ ಪುಟ್ಟಯ್ಯ ಬಾಗಿಲಲ್ಲೇ ನಿಂತರು. ಮಿಷನ್ನು ಎಣಿಸುತ್ತಲೇ ಇತ್ತು.)

ಗಿರಿಜಾಂಬಾ: ನಿನಗಲ್ಲ ಪುಟ್ಟಯ್ಯ, ಬಾ. ನೋಡಿದ್ಯಾ ಮಹಾನಂದ? ‘ನಿಲ್ಲಿ’ ಅಂದಿದ್ರೆ ಇವನು ನಿಲ್ತಿರ್ಲಿಲ್ಲ.

ಪುಟ್ಟಯ್ಯ: ಹೌದು ಮೇಡಂ. ನನಗೆ ಯಾರೂ ‘ನಿಲ್ಲಿ’ ಅನ್ನಲ್ಲ.

(ಮಹಾನಂದ ಪುಟ್ಟಯ್ಯ ಕೊಟ್ಟ ಕಾಫಿ ಲೋಟದ ಒಳಗೆ ನೋಡಿದ.)

ಪುಟ್ಟಯ್ಯ: ಒಂದು ಮಾತು ಕೇಳ್ಲಾ? ಇದು ಬಂದು ಎಷ್ಟು ದಿನ ಆಯ್ತು?

ಮಹಾನಂದ: ಹದಿನೈದು ದಿನ.

ಪುಟ್ಟಯ್ಯ: ನಾನು ಬಂದು ಈ ಜೂನ್‌ಗೆ ಇಪ್ಪತ್ತೆರಡು ವರ್ಷ.

(ಗಿರಿಜಾಂಬಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದರು. ಈ ಶಾಲೆಗೆ ಅವರು ಬಂದು ಹತ್ತೊಂಬತ್ತು ವರ್ಷ.)

ಗಿರಿಜಾಂಬಾ: ಪುಟ್ಟಯ್ಯ, ಆ ಕುರ್ಚಿ ಎಳ್ಕೊಂಡು ಕೂತ್ಕೋ... (ತಡೆದು) ಕೂತ್ಕೊಳ್ಳಿ.

ಮಹಾನಂದ: ಕಷ್ಟ ಅಲ್ವಾ ಮೇಡಂ? ಒಂದೇ ಪದ.

ಗಿರಿಜಾಂಬಾ: ನೀನು ಸುಮ್ನಿರು. ನೀನೂ ಆಗ್ಲಿಂದ ಇವರನ್ನ ಒಂದು ಸಲಾನೂ ಮಾತಾಡಿಸಿಲ್ಲ.

(ಪುಟ್ಟಯ್ಯ ಕುರ್ಚಿಯ ಧೂಳು ಹೊಡೆದು, ಅಂಚಿನಲ್ಲಲ್ಲ, ಪೂರ್ತಿ ಒರಗಿ ಕೂತರು. ಮಹಾನಂದ ತನ್ನ ಕಾಫಿಯನ್ನು ಅವರ ಕಡೆ ಸರಿಸಿದ.)

ಮಹಾನಂದ: ತಗೊಳ್ಳಿ. ಈಗ ನೀವೇ ಹೇಳಿ. ಏನು ಇಡೋಣ? ‘ಬರೆ’ನೋ, ‘ಬರೆಯಿರಿ’ನೋ?

(ಪುಟ್ಟಯ್ಯ ಒಂದು ಗುಟುಕು ಕುಡಿದು, ಪರದೆಯನ್ನು ಮೇಲಿಂದ ಕೆಳಗೆ ನೋಡಿದರು.)

ಪುಟ್ಟಯ್ಯ: ಸದ್ಯಕ್ಕೆ ‘ಬರೆ’ ಸಾಕು. ಇನ್ನೂ ಪ್ರೊಬೇಷನ್ನಲ್ಲಿದೆ. ಕಾಯಂ ಆಗ್ಲಿ, ಆಮೇಲೆ ನೋಡೋಣ.