ದಾರಿ ಕೇಳದ ಮಾವ

ನಮ್ಮ ಸೋದರಮಾವ ಬದುಕಿನಲ್ಲಿ ಒಂದು ಸಲವೂ ದಾರಿ ತಪ್ಪಿದವರಲ್ಲ. ದಾರಿಯೇ ಅವರಿಂದ ತಪ್ಪಿಸಿಕೊಂಡು ಓಡುತ್ತಿತ್ತು, ಅಷ್ಟೆ! ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗದ ಮುಂದೆ ಕೂತರೆ ಸಾವಿರ ಎಳೆಗಳಲ್ಲಿ ಒಂದೂ ತಪ್ಪದು. ಎದ್ದು ಬೀದಿಗೆ ಬಂದರೆ ಮೂಡಣ ಯಾವುದು, ಪಡುವಣ ಯಾವುದು ಎಂಬುದು ಆ ದಿನದ ಅವರ ಮರ್ಜಿ. ಹಾಗಂತ ಯಾರನ್ನಾದರೂ ಕೇಳುವುದುಂಟೇ?

“ಮುಂದಿನ ಎಳೆ ಯಾವ್ದು ಅಂತ ನೇಕಾರ ಪಕ್ಕದ ಮನೆಯೋನ್ನ ಕೇಳ್ತಾನೇನಲೇ?” ಎನ್ನುತ್ತಿದ್ದರು.

ನಮ್ಮ ಅಕ್ಕನ ಮದುವೆಗೆಂದು ನಮ್ಮೂರು ಚಳ್ಳಕೆರೆಗೆ ಗಾಡಿ ಕಟ್ಟಿದವರು ನಾಯಕನಹಟ್ಟಿ ಸೇರಿಬಿಟ್ಟಿದ್ದರು. ನಮ್ಮ ಮನೆಗೆ ಬಂದಾಗ ಉಂಡವರು ಎಲೆ ಎತ್ತುತ್ತಿದ್ದರು. ಅವ್ವ ಕೆಂಡವಾಗಿದ್ದಳು.

“ಧಾರೆ ಎರೆಯೋ ಹೊತ್ನಾಗೆ ಎಲ್ಲಿದ್ದೆ?”

“ತಿಪ್ಪೇಸ್ವಾಮಿ ಕರೆಸ್ಕಂಡ. ಇಲ್ಲ ಅನ್ನಾಕಾಗ್ತೈತಾ?”

ನಾಯಕನಹಟ್ಟಿಯ ದೇವರ ಹೆಸರು ಬಂದದ್ದೇ ಅವ್ವ ಇನ್ನೊಂದು ಎಲೆ ಹಾಕಿ ಬಡಿಸಿದಳು.

ಇಂಥವರು ಹೈದರಾಬಾದಿಗೆ ಹೊರಟರು ಎಂದರೆ ನಂಬುತ್ತೀರಾ? ಹೊರಡಿಸಿದ್ದು ಅತ್ತೆ. ಮದುವೆಯಾಗಿ ಬಂದಂದಿನಿಂದ ಮಾವನ ಪಕ್ಕ ಕೂತು ಕಡಿದ ಎಳೆಗಳನ್ನು ಹೊಸೆದೂ ಹೊಸೆದೂ ಅತ್ತೆಯ ಕಣ್ಣು ಸೋತಿತ್ತು. ಬಿಸಿಲಿದ್ದಾಗ ಅಷ್ಟಿಷ್ಟು ಕಾಣುತ್ತಿತ್ತು, ಹೊತ್ತು ಇಳಿದರೆ ಬರೀ ಮಂಜು. ಬಳ್ಳಾರಿಯ ವೈದ್ಯರು ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದಿದ್ದರು. ಮನೆಗೆ ಬಂದ ಅತ್ತೆ ಅತ್ತಿರಲಿಲ್ಲ.

“ಸೀರೆ ಕೊಳ್ಳಾಕ್ ಬಂದೋರೆಲ್ಲಾ ಚಾರ್‌ಮಿನಾರ್ ಚಾರ್‌ಮಿನಾರ್ ಅಂತಾರೆ. ಅದೊಂದ್ ನೋಡಿಬಿಡ್ತೀನ್ರಿ,” ಎಂದಿದ್ದರು. ಅವರು ಗಂಡನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಮಾವ ದಾರಿ ಕೇಳುವವರಲ್ಲ, ಅತ್ತೆಗೆ ಕಾಣುವುದಿಲ್ಲ. ಇವರಿಬ್ಬರನ್ನೇ ಕಳಿಸಿದರೆ ಕಾಶಿಗೇ ಹೋದಾರೆಂದು ಅವ್ವ ನನ್ನನ್ನೂ ಜೊತೆಗೆ ಹಾಕಿದಳು. ಆಗ ನನಗೆ ಹೆಣ್ಣು ನೋಡುತ್ತಿದ್ದರು. ರಾಂಪುರದ ಮೇಲೆ ಬಳ್ಳಾರಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಮುಂದೆ ರೈಲು. ರೈಲಿಗೆ ತಾನೇ ಹೋಗುವ ದಾರಿ ಗೊತ್ತಿದ್ದರಿಂದ ಸುಖವಾಗಿ ಮುಟ್ಟಿದೆವು.

ಹೈದರಾಬಾದಿನ ಹೊಳೆಯ ಸೇತುವೆ ದಾಟಿದ್ದೇ ಮಾವ ಜಟಕಾ ನಿಲ್ಲಿಸಿ ನಮ್ಮನ್ನು ಇಳಿಸಿದರು. ಎದುರಿಗೆ ಅಗಲವಾದ ಬೀದಿ, ನೆಟ್ಟಗೆ ಹೋಗಿತ್ತು. ಮಾವ ಅದನ್ನೊಮ್ಮೆ ದಿಟ್ಟಿಸಿ ತಲೆಯಾಡಿಸಿದರು.

“ಇದು ಸೀರೆ ಅಂಚು ಇದ್ದಂಗೆ. ಚಾರ್‌ಮಿನಾರ್ ಅಂದ್ರೆ ಒಡಲಾಗಿನ ಬುಟ್ಟಾ. ಅಂಚು ಹಿಡ್ಕಂಡ್ ಹೋದ್ರೆ ಬುಟ್ಟಾ ಸಿಗ್ತೈತಾ? ಒಳಗೆ ನುಗ್ಬೇಕು.”

ನುಗ್ಗಿದೆವು. ಉದ್ದದ ಗಲ್ಲಿಗಳೆಲ್ಲ ಹಾಸು, ಅಡ್ಡಡ್ಡ ಬಂದವೆಲ್ಲ ಹೊಕ್ಕು. ಮೂರು ಹಾಸು ಬಿಟ್ಟು ಒಂದು ಹೊಕ್ಕು ತಿರುಗಬೇಕೆಂದು ಮಾವನ ಲೆಕ್ಕ. ಲೆಕ್ಕದಂತೆ ಒಂದು ಬಳೆ ಅಂಗಡಿಗೆ ಬಂದೆವು. ಮತ್ತೆ ಎಣಿಸಿ ನಡೆದೆವು, ಮತ್ತೆ ಅದೇ ಬಳೆ ಅಂಗಡಿ. ಮೊದಲ ಸಲ “ಆಯಿಯೇ ಅಮ್ಮಾ” ಎಂದು ಕರೆದ ಅಂಗಡಿಯ ಸಾಬರು ಎರಡನೆಯ ಸಲ ಸಲಾಮು ಮಾತ್ರ ಮಾಡಿದರು. ಮೂರನೆಯ ಸಲ ಕುಡಿಯಲು ನೀರು ಕೊಟ್ಟರು.

“ಮಾವ, ಅಗೋ ಮಾಳಿಗೆ ಮೇಲೆ ಗೋಪುರದ ತುದಿ ಕಾಣ್ತೈತೆ,” ಎಂದೆ.

“ಮೇಲೆ ನೋಡ್ಕಂಡು ಯಾರಾದ್ರೂ ನೇಯ್ತಾರೇನಲೇ? ಎಳೆ ತಪ್ಪಿರೋದು ಈ ಊರಿಂದು, ನಂದಲ್ಲ. ನೇಯ್ದೋನು ತೂಕಡಿಸ್ಯಾನೆ.”

ಅತ್ತೆ ನಕ್ಕರು. “ನಡೀರಿ. ಇನ್ನೊಂದ್ ಸುತ್ತಿಗೆ ಸಾಬ್ರು ಊಟಾನೂ ಹಾಕ್ತಾರೆ.”

ನಾಲ್ಕನೆಯ ಸಲ ಅದೇ ಅಂಗಡಿಯ ಮುಂದೆ ನಿಂತಾಗ ಬಿಸಿಲು ಗೋಡೆಯಿಂದ ಮಾಳಿಗೆಗೆ ಏರಿತ್ತು. ಅತ್ತೆಯ ಕಾಲು ಮೆಟ್ಟಿಲಿಗೆ ಎಡವಿತು.

“ಅಲ್ರಿ, ಕತ್ಲಾತೇನು?” ಎಂದು ಕೇಳಿದರು.

ಕತ್ತಲಾಗಿರಲಿಲ್ಲ. ಮಾವ ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ತಲೆಯ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು ಸಾಬರ ಮುಂದೆ ನಿಂತರು.

“ಅನ್ನಾ, ದೋವ ತಪ್ಪಿನಾಮು,” ಎಂದರು ನಮ್ಮ ಗಡಿಯ ತೆಲುಗಿನಲ್ಲಿ. ದಾರಿ ತಪ್ಪಿದ್ದೇವೆ ಎಂಬ ಆ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಅಂದೇ ಮೊದಲು ಕೇಳಿದ್ದು. “ನನ್ನ ಹೆಂಡ್ತಿಗೆ ಹೊತ್ತು ಮುಳುಗಿದ್ರೆ ಕಾಣಲ್ಲ. ಬೇಗ ತೋರಿಸ್ರಿ,” ಎಂದು ಉಳಿದದ್ದನ್ನು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿಬಿಟ್ಟರು.

ಸಾಬರಿಗೆ ಅದೂ ಅರ್ಥವಾಯಿತು. ಅಂಗಡಿ ಬಿಟ್ಟು ಎದ್ದು, ಎರಡು ತಿರುವು ದಾಟಿಸಿ ನಮ್ಮನ್ನು ಬಯಲಿಗೆ ತಂದು ನಿಲ್ಲಿಸಿದರು. ನಾವು ಬಿಟ್ಟು ಬಂದಿದ್ದ ಆ ಅಗಲ ಬೀದಿಯೇ ನೆಟ್ಟಗೆ ಅಲ್ಲಿಗೆ ಬಂದಿತ್ತು! ಅತ್ತೆ ಹುಬ್ಬಿನ ಮೇಲೆ ಕೈ ಹಿಡಿದು ತಲೆ ಎತ್ತಿದರು. ಗೋಪುರಗಳ ಮೇಲೆ ಇನ್ನೂ ಬಿಸಿಲಿತ್ತು.

“ಕಾಣ್ತೈತೆ. ಎಲ್ಡು ಅದಾವೆ. ಇನ್ನೆಲ್ಡು?”

“ಹಿಂದ್ಗಡೆ ಅದಾವೆ, ಬಾ,” ಎಂದ ಮಾವ ಅಷ್ಟು ಜನರ ನಡುವೆ ಆಕೆಯ ಕೈ ಹಿಡಿದು ಒಂದು ಸುತ್ತು ಹಾಕಿಸಿದರು. ಆ ಸುತ್ತಿನಲ್ಲಿ ದಾರಿ ತಪ್ಪಲಿಲ್ಲ.

ವೈದ್ಯರು ಹೇಳಿದಂತೆಯೇ ಆಯಿತು. ವರ್ಷ ತುಂಬುವುದರೊಳಗೆ ಅತ್ತೆಗೆ ಏನೂ ಕಾಣದಾಯಿತು. ಆಮೇಲೊಮ್ಮೆ ನಾನು ಮೊಳಕಾಲ್ಮೂರಿಗೆ ಹೋದಾಗ ಇಬ್ಬರೂ ಕೈ ಹಿಡಿದುಕೊಂಡು ಬಾವಿಯ ಕಡೆಯಿಂದ ಬರುತ್ತಿದ್ದರು. ಮಾವ ಹುಟ್ಟಿ ಬೆಳೆದ ಬೀದಿ ಅದು. ಆದರೂ ಪ್ರತಿ ತಿರುವಿನಲ್ಲೂ ನಿಂತು, “ಯಾವ ಕಡೆ ಹೋಗಾನ?” ಎಂದು ಅತ್ತೆಯನ್ನು ಕೇಳುತ್ತಿದ್ದರು. ಅತ್ತೆ ಒಂದಿಷ್ಟು ಯೋಚಿಸಿ, “ಎಡಕ್ಕೆ ನಡೀರಿ,” ಎನ್ನುತ್ತಿದ್ದರು. ಮಾವ ಎಡಕ್ಕೆ ತಿರುಗುತ್ತಿದ್ದರು.