ನೌಕೆಯ ಬಾಗಿಲಿಗೆ ನಾಲ್ಕು ನಿಮಿಷ

ಕತ್ತರಿ ಆ ಶುಕ್ರವಾರ ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದದ್ದು ಎಲ್ಲ ರಗಳೆಗೂ ಮೂಲ. ಡಬ್ಬಿಯೊಂದನ್ನೇ ಮರೆತಿದ್ದರೆ ಒಂದು ಹೊತ್ತು ಹೊಟ್ಟೆ ಕಟ್ಟಿಕೊಂಡು ಪಾರಾಗಬಹುದಿತ್ತು. ಆದರೆ ಹಿಂದಿನ ದಿನವಷ್ಟೇ ಮಾವ ಬಂದಿಳಿದಿದ್ದಾರೆ, ಅವರಿಗೆ ಹಗಲು ಕಳೆಯಲು ಬೇರೆ ಕೆಲಸವಿಲ್ಲ, ಡಬ್ಬಿ ಕಂಡರೆ ಎತ್ತಿಕೊಂಡು ಹೊರಡುವವರೇ ಎಂಬುದನ್ನೂ ಅವನು ಮರೆತಿದ್ದ.

ಕತ್ತರಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸಿನಿಮಾ ಸಂಕಲನದ ಕೋಣೆಯಲ್ಲಿ ಒಂಬತ್ತು ವರ್ಷ ಸಹಾಯಕನಾಗಿ ದುಡಿದದ್ದಕ್ಕೆ ಅಲ್ಲಿಯವರು ಕೊಟ್ಟ ಬಿರುದು. ನಿಜವಾದ ಹೆಸರು ತೆರೆಯ ಮೇಲೆ ಬರುತ್ತಿರಲಿಲ್ಲವೆಂದಲ್ಲ. ಚಿತ್ರ ಮುಗಿದು, ಜನ ಎದ್ದು, ಕಾಲಿನಿಂದ ತಡಕಾಡಿ ಚಪ್ಪಲಿ ಹುಡುಕಿಕೊಂಡು ಬಾಗಿಲು ದಾಟಿ, ಕಸ ಗುಡಿಸುವವರು ಒಳಗೆ ಬಂದ ಮೇಲೆ, ಊಟ ಸರಬರಾಜು ಮಾಡಿದವರಿಗೂ ಲಾರಿ ಚಾಲಕರಿಗೂ ನಡುವೆ ಎಲ್ಲೋ ಬರುತ್ತಿತ್ತು. ಮಾವ ಅಳಿಯ ದುಡಿದ ಹನ್ನೊಂದು ಚಿತ್ರಗಳನ್ನೂ ಬಿಡದೆ ನೋಡಿದ್ದರು. ಪ್ರತಿ ಸಲ ಮನೆಗೆ ಬಂದು ಕನ್ನಡಕ ಒರೆಸಿಕೊಳ್ಳುತ್ತ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಳಿಯಂದ್ರೇ, ನಿಮ್ಮ ಹೆಸರು ಎಲ್ಲಿ ಬಂತು?"

ಈಗ ಕತ್ತರಿಯ ಗ್ರಹಚಾರ ಬದಲಾಗುವ ಸೂಚನೆಯಿತ್ತು. ಕೈಯಲ್ಲಿದ್ದದ್ದು ಬಾಹ್ಯಾಕಾಶದ ಸರಣಿ ಚಿತ್ರದ ಮೂರನೇ ಭಾಗ. ಮೊದಲ ಭಾಗದಲ್ಲಿ ಭೂಮಿ ಬಿಟ್ಟ ನೌಕೆ ಎರಡನೇ ಭಾಗವಿಡೀ ದಾರಿಯಲ್ಲೇ ಇತ್ತು. ಪ್ರೇಕ್ಷಕರು ಮಾತ್ರ ಮಧ್ಯಂತರದಲ್ಲೇ ಇಳಿದು ಹೋಗಿದ್ದರು. ಮೂರನೆಯದೂ ಕೈಕೊಟ್ಟರೆ ನಿರ್ಮಾಪಕರು ಅಂಗಡಿ ಮುಚ್ಚಬೇಕು. ಅಂಥ ಹೊತ್ತಿನಲ್ಲಿ ಹಿರಿಯ ಸಂಕಲನಕಾರರು ಸೊಂಟ ಹಿಡಿದುಕೊಂಡು ಹಾಸಿಗೆ ಸೇರಿದರು. ನಿರ್ಮಾಪಕರು ಬೇರೆ ದಾರಿಯಿಲ್ಲದೆ ಕತ್ತರಿಯನ್ನು ಕರೆದರು.

"ಎರಡು ಗಂಟೆ ಐವತ್ತು ನಿಮಿಷ ಇದೆ. ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಸು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಕೂತು ನೋಡ್ತೀವಿ. ಒಪ್ಪಿಗೆ ಆಯ್ತು ಅಂದ್ರೆ ಶುರುವಿನಲ್ಲೇ, ತೆರೆ ತುಂಬ, ಸಂಕಲನ ಅಂತ ನಿನ್ನೊಬ್ಬನದೇ ಹೆಸರು."

ಅವತ್ತಿನಿಂದ ಕತ್ತರಿಗೆ ಕಣ್ಣು ಮುಚ್ಚಿದರೂ ತೆರೆದರೂ ತನ್ನ ಹೆಸರೇ ಕಾಣುತ್ತಿತ್ತು. ಮಾವನ ಪಕ್ಕದಲ್ಲಿ ಕುಳಿತು, ಅದು ತೆರೆಯ ಮೇಲೆ ಬಂದಾಗ ಏನೂ ಹೇಳದೆ ಸುಮ್ಮನೆ ಒಮ್ಮೆ ಕೆಮ್ಮಬೇಕು ಎಂದು ತೀರ್ಮಾನಿಸಿಕೊಂಡಿದ್ದ. ಆದರೆ ಮೂವತ್ತು ನಿಮಿಷ ಕತ್ತರಿಸುವುದು ಎಲ್ಲಿಂದ?

ಮೊದಲು ನಿರ್ದೇಶಕರು ಫೋನ್ ಮಾಡಿದರು. "ಕ್ಯಾಪ್ಟನ್ ನೌಕೆ ಬಾಗಿಲ ತನಕ ನಡೀತಾರಲ್ಲ, ಆ ನಾಲ್ಕು ನಿಮಿಷ ಮುಟ್ಬೇಡ. ಆ ನಡಿಗೆಯಲ್ಲಿ ಮನುಕುಲದ ಒಂಟಿತನ ಇದೆ. ಬೇಕಾದ್ರೆ ಸಂಗೀತ ಕತ್ತರಿಸು."

ಅದರ ಬೆನ್ನಿಗೇ ಸಂಗೀತ ನಿರ್ದೇಶಕರು ಮಾಡಿದರು. "ಏಳು ನಿಮಿಷ ಒಂದೇ ಸ್ವರ ಹಿಡಿದಿದೀನಲ್ಲ, ಅದು ಆ ಗ್ರಹದ ಉಸಿರು ಕಣಪ್ಪಾ. ಉಸಿರು ಯಾರಾದ್ರೂ ಕತ್ತರಿಸ್ತಾರಾ? ನಟನೆ ಕತ್ತರಿಸು. ಹೇಗೂ ಅಲ್ಲಿ ಏನೂ ನಡೀತಿಲ್ಲ."

ಕೊನೆಗೆ ಕ್ಯಾಪ್ಟನ್ ಪಾತ್ರದ ನಾಯಕನಟರು. ಮೂರು ಭಾಗಗಳಿಂದ ಅದೇ ಪಾತ್ರ ಮಾಡುತ್ತಿದ್ದುದರಿಂದ ಅವರನ್ನು ಮನೆಯಲ್ಲೂ ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. "ನಾನು ಹುಬ್ಬು ಏರಿಸೋಕೆ ಮುಂಚೆ ಸ್ವಲ್ಪ ಕಾಯ್ತೀನಿ, ನೋಡಿದೀಯಲ್ಲ. ಕಾಯದೆ ಏರಿಸಿದ್ರೆ ಅದು ಬರೀ ಹುಬ್ಬು. ಕಾದರೇನೇ ನಟನೆ."

ಹೀಗಾಗಿ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಕತ್ತರಿ ಒಟ್ಟು ಕತ್ತರಿಸಿದ್ದು ಹನ್ನೊಂದು ಸೆಕೆಂಡು. ಒಂದು ಕಬ್ಬಿಣದ ಬಾಗಿಲು ತೆರೆದುಕೊಳ್ಳುವ ದೃಶ್ಯ ಅದು. ಬಾಗಿಲ ಪರವಾಗಿ ಫೋನ್ ಮಾಡುವವರು ಯಾರೂ ಇರಲಿಲ್ಲ. ಇನ್ನೆಲ್ಲಿ ಕೈಹಾಕಲಿ ಎಂದು ಅವನು ಬೆಳಿಗ್ಗೆಯಿಂದ ಚಿತ್ರವನ್ನು ಜೋರಾಗಿ ಓಡಿಸುವುದು, ನಿಲ್ಲಿಸುವುದು, ಮತ್ತೆ ಓಡಿಸುವುದು, ಇದನ್ನೇ ಮಾಡುತ್ತಿದ್ದ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಡಬ್ಬಿ ಹಿಡಿದ ಮಾವ ನಿಂತಿದ್ದರು.

ಮಾವ ಮೂವತ್ತೆಂಟು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಮನುಷ್ಯನ ಯೋಗ್ಯತೆಯನ್ನು ಅವರು ನಿಮಿಷಕ್ಕೆ ಇಷ್ಟು ಪದ ಎಂದೇ ಅಳೆಯುತ್ತಿದ್ದರು. ಅಳಿಯನನ್ನು ಮದುವೆಯ ಮಾತುಕತೆಯಲ್ಲೇ ಮೂವತ್ತು ಪದದ ನಿಧಾನಸ್ಥರ ಲೆಕ್ಕಕ್ಕೆ ಸೇರಿಸಿ, ಮಗಳ ಹಟಕ್ಕೆ ಒಪ್ಪಿದ್ದರು.

"ಹೀಗೇ ಬಂದೆ. ನೀವು ಮಾಡೋ ಕೆಲಸ ಏನು ಅಂತ ಒಂದ್ಸಲ ಕಣ್ಣಾರೆ ನೋಡೋಣ ಅಂತ," ಎಂದು ಸೋಫಾದಲ್ಲಿ ಕುಳಿತರು. ತೆರೆಯ ಮೇಲೆ ಕ್ಯಾಪ್ಟನ್ ನಡೆಯುತ್ತಿದ್ದರು.

"ಈ ಮನುಷ್ಯ ಎಲ್ಲಿಗೆ ಹೋಗ್ತಿದಾನೆ?"

"ನೌಕೆಗೆ, ಮಾವ."

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೂ ಹೋಗ್ತಾನೇ ಇದಾನಾ?"

"ನೌಕೆ ಸ್ವಲ್ಪ ದೂರ ಇದೆ ಮಾವ."

"ಹತ್ತಿರ ನಿಲ್ಲಿಸ್ಕೋಬಾರ್ದಿತ್ತಾ?"

ಉತ್ತರ ಕೊಡುವ ಮೊದಲೇ ಕೆಳಗಿನಿಂದ ಕರೆ ಬಂತು. ದೊಡ್ಡವರು ಬಂದುಬಿಟ್ಟಿದ್ದರು. "ಮಾವ, ನೀವು ಇಲ್ಲೇ ಇರಿ, ಯಾರೂ ಏನೂ ಅನ್ನಲ್ಲ," ಎಂದವನೇ ಕತ್ತರಿ ಮೂರು ಮಹಡಿ ಇಳಿದು ಓಡಿದ. ಕೆಳಗೆ ಬೇರೆಯೇ ನಾಟಕ. ನಿರ್ದೇಶಕರು ಇಳಿಯುವವರೆಗೆ ಕ್ಯಾಪ್ಟನ್ ತಮ್ಮ ಕಾರಿನಿಂದ ಇಳಿಯಲೊಲ್ಲರು, ಕ್ಯಾಪ್ಟನ್ ಇಳಿಯುವವರೆಗೆ ನಿರ್ದೇಶಕರು ತಮ್ಮದರಿಂದ. ಸಂಗೀತ ನಿರ್ದೇಶಕರು ಇಳಿದಿದ್ದರು, ಆದರೆ ಯಾರೂ ನೋಡಲಿಲ್ಲವೆಂದು ಮತ್ತೆ ಹತ್ತಿ ಕುಳಿತಿದ್ದರು. ಎಲ್ಲರನ್ನೂ ಪುಸಲಾಯಿಸಿ ಮೇಲೆ ತರುವಷ್ಟರಲ್ಲಿ ಕಾಲು ಗಂಟೆ ಕಳೆಯಿತು.

ದೀಪ ಆರಿಸಿ, ಮನಸ್ಸಿನಲ್ಲೇ ಕೈಮುಗಿದು, ಕತ್ತರಿ ಚಿತ್ರವನ್ನು ಮೊದಲಿನಿಂದ ಶುರು ಮಾಡಿದ. ಬರೀ ಹನ್ನೊಂದು ಸೆಕೆಂಡು ಎಂದು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದವನಿಗೆ ಐದು ನಿಮಿಷದಲ್ಲೇ ಏನೋ ಎಡವಟ್ಟಾಗಿದೆ ಅನಿಸಿತು. ಕ್ಯಾಪ್ಟನ್ ನೌಕೆಯೊಳಗೇ ಬಸ್ಸಿಗೆ ತಡವಾದವರಂತೆ ಸರಸರನೆ ನಡೆಯುತ್ತಿದ್ದರು. ಹುಬ್ಬು ಟಕ್ಕನೆ ಏರಿ ಟಕ್ಕನೆ ಇಳಿಯಿತು. ಒಂದೇ ಸ್ವರದ ಸಂಗೀತ ಶ್ರುತಿ ಏರಿಸಿಕೊಂಡು ಹುರುಪಿನಿಂದ ಗುನುಗುತ್ತಿತ್ತು. ಕತ್ತರಿ ಪರದೆಯ ಮೂಲೆ ನೋಡಿದ. ವೇಗ ಒಂದೂಕಾಲು ಪಟ್ಟು ಎಂದಿತ್ತು.

ಬೆಳಿಗ್ಗೆ ಓಡಿಸಿ ನೋಡುತ್ತಿದ್ದವನು ಹಾಗೇ ಬಿಟ್ಟುಬಿಟ್ಟೆನೇ? ಸರಿಮಾಡಿದ ಹಾಗೆ ನೆನಪು. ಆದರೆ ಹಸಿದ ಹೊಟ್ಟೆಯ ನೆನಪನ್ನು ನಂಬುವುದು ಹೇಗೆ? ಈಗ ನಿಲ್ಲಿಸಿದರೆ ಗುಟ್ಟು ರಟ್ಟು. ನಿಲ್ಲಿಸದಿದ್ದರೂ ಇನ್ನು ಎರಡು ನಿಮಿಷದಲ್ಲಿ ಯಾರಾದರೂ ಎದ್ದು ಕಪಾಳಕ್ಕೆ ಬಾರಿಸುತ್ತಾರೆ. ಅವನು ಕಾದ.

ಯಾರೂ ಏಳಲಿಲ್ಲ. ಎರಡನೇ ಭಾಗವನ್ನು ಗೊರಕೆ ಹೊಡೆಯುತ್ತ ನೋಡಿದ್ದ ನಿರ್ಮಾಪಕರು ಕುರ್ಚಿಯ ತುದಿಗೆ ಬಂದು ಕುಳಿತಿದ್ದರು. ನೌಕೆ ಕೊನೆಗೂ ಗ್ರಹದ ಮೇಲೆ ಇಳಿದಾಗ ಚಪ್ಪಾಳೆ ತಟ್ಟಿದರು. ಎರಡು ಗಂಟೆ ಹದಿನಾರು ನಿಮಿಷಕ್ಕೆ ಚಿತ್ರ ಮುಗಿಯಿತು.

"ನೋಡಿದ್ರಾ, ನಡಿಗೆ ಒಂದು ಹೆಜ್ಜೆನೂ ಕತ್ತರಿಸಿಲ್ಲ," ಎಂದರು ನಿರ್ದೇಶಕರು ಗದ್ಗದಿತರಾಗಿ. "ಆದ್ರೂ ಬೇಜಾರಾಗಲ್ಲ."

"ಅದು ಸಂಗೀತದ ಶಕ್ತಿ," ಎಂದರು ಸಂಗೀತ ನಿರ್ದೇಶಕರು. "ನಾನು ಮಾಡುವಾಗ್ಲೇ ಹೇಳಿದ್ದೆ, ಇದರಲ್ಲಿ ಒಳಗೊಳಗೇ ಒಂದು ತಾಳ ಇದೆ ಅಂತ."

"ನನ್ನ ದನಿ ಕೇಳಿದ್ರಾ? ಹತ್ತು ವರ್ಷ ಚಿಕ್ಕವನಾಗಿದೀನಿ," ಎಂದರು ಕ್ಯಾಪ್ಟನ್. "ಬೆಳಿಗ್ಗೆ ನಡಿಗೆ ಅಭ್ಯಾಸ ಮಾಡ್ತಿದೀನಲ್ಲ, ಅದರ ಫಲ."

ನಿರ್ಮಾಪಕರು ಕತ್ತರಿಯ ಬೆನ್ನು ತಟ್ಟಿ, ಅಲ್ಲೇ ಫೋನ್ ತೆಗೆದು ಹೆಸರಿನ ಪಟ್ಟಿ ಮಾಡುವವರಿಗೆ ಹೇಳಿದರು. ಶುರುವಿನಲ್ಲೇ, ತೆರೆ ತುಂಬ, ಒಬ್ಬನದೇ. ಕತ್ತರಿಗೆ ಅಳು ಬಂತು. ಖುಷಿಯದೋ ಭಯದ್ದೋ ಅವನಿಗೇ ತಿಳಿಯಲಿಲ್ಲ. ಸೋಫಾದ ಕಡೆ ನೋಡಿದ. ಮಾವ ಕೈಕಟ್ಟಿ ಕುಳಿತು ಎಲ್ಲವನ್ನೂ ಗಮನಿಸುತ್ತಿದ್ದರು. ಕತ್ತರಿ ಮೆಲ್ಲಗೆ ಒಮ್ಮೆ ಕೆಮ್ಮಿದ. ಎಲ್ಲರೂ ಒಬ್ಬರನ್ನೊಬ್ಬರು ಹೊಗಳುವುದರಲ್ಲಿ ಮುಳುಗಿದ್ದಾಗ, ಇನ್ನು ಚಿತ್ರವನ್ನು ತಾನೊಬ್ಬನೇ ಇದ್ದಾಗ ಇದೇ ವೇಗಕ್ಕೆ ಜೋಡಿಸಿಕೊಂಡರಾಯಿತು ಎಂದು ಕೈ ಚಾಚಿ ವೇಗವನ್ನು ಮೊದಲಿನ ಹಾಗೆ ಇಳಿಸಿದ.

"ಎಲ್ಲಿ, ಆ ನಡಿಗೆ ಇನ್ನೊಂದ್ಸಲ ಹಾಕು," ಎಂದರು ನಿರ್ಮಾಪಕರು.

ಹಾಕದೆ ವಿಧಿಯಿರಲಿಲ್ಲ. ಕ್ಯಾಪ್ಟನ್ ನಡೆದರು. ಒಂದು ಕಾಲು ಎತ್ತಿದರು, ಯೋಚಿಸಿದರು, ಇಟ್ಟರು. ಕೋಣೆಯಲ್ಲಿ ಗುಸುಗುಸು ಶುರುವಾಯಿತು.

"ಏನು ಮಾಡ್ದೆ ಇದಕ್ಕೆ?" ಎಂದರು ನಿರ್ದೇಶಕರು. "ನನ್ನ ನಡಿಗೆ ಎಳೆದು ಹಾಕಿದೀಯಲ್ಲೋ."

"ನನ್ನ ಸಂಗೀತದ ಕತ್ತು ಹಿಸುಕಿದಾನೆ," ಎಂದರು ಸಂಗೀತ ನಿರ್ದೇಶಕರು.

"ಇದು ನನ್ನ ನಟನೆನೇ ಅಲ್ಲ," ಎಂದರು ಕ್ಯಾಪ್ಟನ್.

ಕತ್ತರಿಗೆ ಬೇರೆ ದಾರಿ ಉಳಿಯಲಿಲ್ಲ. ಇದೇ ನೀವು ತೆಗೆದ ಚಿತ್ರ, ಮೊದಲು ನೋಡಿದ್ದು ಒಂದೂಕಾಲು ಪಟ್ಟು ಓಡಿದ್ದು, ಗುಂಡಿ ಹಾಗೇ ಬಿಟ್ಟಿದ್ದು ನನ್ನ ತಪ್ಪು ಎಂದು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿಬಿಟ್ಟ. ನಿರ್ಮಾಪಕರು ಅವನನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

"ತಪ್ಪೋ ಒಪ್ಪೋ, ಆಗಿದ್ದು ನಿನ್ನ ಕೈಯಿಂದ ತಾನೇ? ಹಾಗೇ ಇರ್ಲಿ ಬಿಡು. ಹೆಸರು ನಿನ್ನದೇ."

ಕತ್ತರಿಗೆ ಹೋದ ಜೀವ ಬಂದಂತಾಯಿತು. ಸೋಫಾದಲ್ಲಿ ಮಾವ ಎದ್ದು ನಿಂತರು.

"ಆಗಿದ್ದು ಅವರ ಕೈಯಿಂದ ಅಲ್ಲ," ಎಂದರು. "ಅವರು ಸರಿಯಾಗೇ ಇಟ್ಟು ಹೋಗಿದ್ರು. ಒತ್ತಿದ್ದು ನಾನು."

"ಮಾವ, ನೀವು ಕೂತ್ಕೊಳ್ಳಿ, ಊಟ ಮಾಡೋಣ," ಎಂದ ಕತ್ತರಿ.

"ನೀವು ಸುಮ್ಮನಿರಿ ಅಳಿಯಂದ್ರೇ. ಮಾಡದ ಕೆಲಸಕ್ಕೆ ನಾನು ಯಾರಿಗೂ ಸರ್ಟಿಫಿಕೇಟ್ ಕೊಟ್ಟವನಲ್ಲ. ಸ್ವಂತ ತಮ್ಮನನ್ನೇ ಎರಡು ಸಲ ಫೇಲ್ ಮಾಡಿದೀನಿ." ಮಾವ ನಿರ್ಮಾಪಕರ ಕಡೆ ತಿರುಗಿದರು. "ಇವರು ಕೆಳಗೆ ಹೋದಾಗ ನೋಡ್ತಾ ಕೂತಿದ್ದೆ ಸ್ವಾಮಿ. ನಡೀತಾನೆ, ನಡೀತಾನೆ, ಬಾಗಿಲು ಸಿಗಲ್ಲ. ಕೀಬೋರ್ಡ್ ಕಂಡರೆ ನನ್ನ ಬೆರಳು ಸುಮ್ಮನಿರಲ್ಲ. ಎರಡು ಪಟ್ಟು ಮಾಡಿ ನೋಡಿದೆ, ಓಡಿಹೋದ. ಒಂದೂವರೆ ಮಾಡಿದೆ, ನಗು ಬಂತು. ಒಂದೂಕಾಲಿಗೆ ತಂದೆ. ಆಗ ಮನುಷ್ಯ ಅನ್ನಿಸ್ದ."

"ಮನುಷ್ಯ ಅನ್ನಿಸಿದ್ನಾ?" ಎಂದರು ಕ್ಯಾಪ್ಟನ್. ಅವರ ಕಣ್ಣು ತೇವಗೊಂಡಿತ್ತು. ಮೂರು ಭಾಗಗಳಲ್ಲಿ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ.

ನಿರ್ಮಾಪಕರು ಎದ್ದು ಬಂದು ಮಾವನ ಎರಡೂ ಕೈ ಹಿಡಿದುಕೊಂಡರು. "ಮೇಷ್ಟ್ರೇ, ಎರಡು ನೋಡಿ, ಒಂದೂವರೆ ನೋಡಿ, ಬೇಡ ಅಂತ ಬಿಟ್ಟು ಒಂದೂಕಾಲು ಹಿಡಿದ್ರಲ್ಲ, ಸಂಕಲನ ಅಂದ್ರೆ ಇದೇ ಅಲ್ವಾ? ಹೆಸರು ನಿಮ್ಮದು. ನಾಲ್ಕನೇ ಭಾಗನೂ ನೀವೇ ನೋಡ್ಕೋಬೇಕು."

ಮಾವ ಬೇಡವೆನ್ನಲಿಲ್ಲ. ನಾಲ್ಕನೇ ಭಾಗ ಮುಗಿಯಲು ಎಷ್ಟು ದಿನ ಎಂದು ವಿಚಾರಿಸಿದರು. ಒಂದು ವರ್ಷ ಎಂದಾಗ, "ಆಗಲಿ, ಮಗಳ ಮನೆ ಇಲ್ಲೇ ಇದೆ," ಎಂದರು.

"ಸಹಾಯಕ್ಕೆ ಒಬ್ಬರು ಬೇಕಲ್ಲ ನಿಮಗೆ?" ಎಂದರು ನಿರ್ಮಾಪಕರು.

ಮಾವ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇವರೇ ಇರ್ಲಿ. ಸ್ವಲ್ಪ ನಿಧಾನ. ಕಲಿಸ್ತೀನಿ."

ಕಾರುಗಳು ಹೊರಟುಹೋದ ಮೇಲೆ ಕತ್ತರಿ ಆರಿ ತಣ್ಣಗಾದ ಊಟವನ್ನು ನಿಂತೇ ತಿನ್ನುತ್ತಿದ್ದಾಗ ಹೆಂಡತಿ ಫೋನ್ ಮಾಡಿದಳು.

"ರೀ, ಒಪ್ಪಿದ್ರಾ? ಹೆಸರು ಹಾಕ್ತಾರಂತಾ?"

"ಹಾಕ್ತಾರೆ. ಶುರುವಿನಲ್ಲೇ, ತೆರೆ ತುಂಬ."

"ಅಬ್ಬಾ, ಅಂತೂ ಆಯ್ತಲ್ಲ. ಅಪ್ಪ ಅಲ್ಲೇ ಇದಾರಲ್ಲ, ಏನಂದ್ರು?"

ಕತ್ತರಿ ತಿರುಗಿ ನೋಡಿದ. ಮಾವ ಅವನ ಕುರ್ಚಿಯಲ್ಲಿ ಕುಳಿತು, ಕಾಲು ನೆಲಕ್ಕೆ ಸರಿಯಾಗಿ ತಾಗುವಂತೆ ಅದರ ಎತ್ತರ ಇಳಿಸಿಕೊಳ್ಳುತ್ತಿದ್ದರು.

"ನಾಳೆಯಿಂದ ಒಂಬತ್ತಕ್ಕೆ ಸರಿಯಾಗಿ ಬರ್ಬೇಕು ಅಂದ್ರು," ಎಂದ.