ಬೆಳಕಿನ ಹೆಬ್ಬೆಟ್ಟು

ಬಾಯಿ ಮುಚ್ಚಿಕೊಂಡು ಉಪ್ಪಿಟ್ಟು ತಿಂದು ಎದ್ದಿದ್ದರೆ ಪಿಳ್ಳಣ್ಣನ ಮದುವೆ ಅವತ್ತೇ ಗೊತ್ತಾಗುತ್ತಿತ್ತು. ಹೆಣ್ಣು ನೋಡಲು ವಿಜಯಪುರಕ್ಕೆ ಬಂದವನು, ಬಾಗಿಲ ಮರೆಯಲ್ಲಿ ಹುಡುಗಿ ಮುನಿರತ್ನಮ್ಮ ನಿಂತಿರುವುದನ್ನು ಕಂಡು ಉಬ್ಬಿಹೋದ.

"ಬೆಂಗಳೂರಲ್ಲಿ ನಮ್ಮ ಲ್ಯಾಬಲ್ಲಿ ಲೇಸರ್ ಅಂತ ಒಂದು ಬೆಳಕಿದೆ. ಕರಿ ಬಳಿದ ಫಿಲಂ ಮೇಲೆ ಬಿಟ್ರೆ ಬೇಕಾದ ಕಡೆ ಮಾತ್ರ ಕರಿ ಸುಟ್ಟುಹೋಗಿ ಅಕ್ಷರ ಮೂಡುತ್ತೆ. ಅದನ್ನಿಟ್ಟೇ ಪ್ರಿಂಟ್ ಹೊಡೀಬಹುದು. ಕೈ ತಾಗ್ಸೋ ಹಾಗೇ ಇಲ್ಲ. ಎಲ್ಲಾ ನಾನೇ ಮಾಡೋದು!"

ಅವನು ಮಾಡುತ್ತಿದ್ದುದು ಆ ಕೋಣೆಯ ಕಸ ಗುಡಿಸುವ ಕೆಲಸ.

ಹುಡುಗಿಯ ತಂದೆ ಆದಿನಾರಾಯಣಪ್ಪನವರದು ಊರಾಚೆ ಟೆಂಟ್ ಸಿನಿಮಾ. ಗಾಜಿಗೆ ದೀಪದ ಮಸಿ ಹಿಡಿಸಿ, ಸೂಜಿಯಲ್ಲಿ ಕೆರೆದು ಜಾಹೀರಾತಿನ ಸ್ಲೈಡ್ ಬರೆಯುತ್ತಿದ್ದವನು ಆಗಷ್ಟೇ ಕೆಲಸ ಬಿಟ್ಟಿದ್ದ. "ಹಂಗಾದ್ರೆ ಇವತ್ತಿನ ಆಟಕ್ಕೆ ಒಂದು ಸ್ಲೈಡು ನಿಮ್ಮ ಬೆಳಕಲ್ಲೇ ಆಗ್ಬಿಡ್ಲಿ. ಆಮೇಲೆ ಲಗ್ನದ ಮಾತು," ಎಂದರು ಆದಿನಾರಾಯಣಪ್ಪ.

ಮಸಿ ಹಿಡಿಸಿದ ಎರಡು ಗಾಜು, ಪ್ರೊಜೆಕ್ಟರಿನ ಹಳೆಯ ಲೆನ್ಸು ಹಿಡಿದು ಪಿಳ್ಳಣ್ಣ ಮಾಳಿಗೆ ಹತ್ತಿದ. ಲೇಸರ್ ಇಲ್ಲದಿದ್ದರೇನು ಎಂದು, ಲೆನ್ಸಿನಲ್ಲಿ ಬಿಸಿಲನ್ನು ಚುಕ್ಕಿ ಮಾಡಿ ಗಾಜಿನ ಮೇಲೆ ಹಿಡಿಯುವಷ್ಟರಲ್ಲಿ ನೆರಳು ಬಿತ್ತು. ಹುಡುಗಿಯ ಸೋದರಮಾವ ಮುನಿಶಾಮಪ್ಪ ಕೊಡೆ ಬಿಚ್ಚಿಕೊಂಡು ನಿಂತಿದ್ದ.

"ಕೊಡೆ ಮಡಚಿ ಮಾವ!"

"ಎಲ್ಲಾದ್ರೂ ಉಂಟಾ? ಅಳಿಯಂದಿರು ಬಿಸಿಲಲ್ಲಿ ಬಾಡೋದಾ?"

ಅವನನ್ನು ಕೆಳಗೆ ಸಾಗಹಾಕುವಷ್ಟರಲ್ಲಿ ಬೆವರು ಹರಿದಿತ್ತು. ಬಿಸಿಲಿಗೆ ಮಸಿ ಜಗ್ಗಲಿಲ್ಲ. ಗಾಜು ಮಾತ್ರ ಚಟ್ಟೆಂದು ಸೀಳಿತು. ಪಿಳ್ಳಣ್ಣ ಆಚೀಚೆ ನೋಡಿ, ಉಡುದಾರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ಎರಡನೆಯ ಗಾಜನ್ನು ಕೆರೆಯತೊಡಗಿದ.

ಸಂಜೆ ಟೆಂಟು ತುಂಬಿತ್ತು. ಪರದೆಯ ಮೇಲೆ ಮುತ್ತಿನಂಥ ಅಕ್ಷರ: 'ಇದು ಕೈ ಸೋಕದೆ ಬೆಳಕೇ ಬರೆದ ಸ್ಲೈಡು. ಇಂತಿ ಪಿಳ್ಳಣ್ಣ, ಬೆಂಗಳೂರು.' ಅದರ ಪಕ್ಕದಲ್ಲೇ, ಗೆರೆಗೆರೆಯಾಗಿ, ಮೊರದಗಲದ ಹೆಬ್ಬೆಟ್ಟಿನ ಗುರುತು!

"ಲೇ, ಬೆಳಕಿಗೂ ಹೆಬ್ಬೆಟ್ಟಿರುತ್ತೇನ್ಲಾ?" ಎಂದು ಯಾರೋ ಕೂಗಿದರು. ಟೆಂಟಿಗೆ ಟೆಂಟೇ ನಕ್ಕಿತು. ಪಿಳ್ಳಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನುಸುಳಿ ಹೊರಟವನ ತೋಳನ್ನು ಆದಿನಾರಾಯಣಪ್ಪ ಹಿಡಿದರು.

"ಎಲ್ಲಿಗಪ್ಪಾ? ಬೆಳಕು ಗಿಳಕು ಯಾರಿಗೆ ಬೇಕು! ಇಂಥ ಕೈಯನ್ನೇ ಹುಡುಕ್ತಾ ಇದ್ದೆ ನಾನು. ಬೆಂಗಳೂರು ಬಿಟ್ಟು ಇಲ್ಲೇ ಇದ್ಬಿಡು, ಮಗಳನ್ನ ಕೊಡ್ತೀನಿ."

ಪಿಳ್ಳಣ್ಣನಿಗೆ ಹೋದ ಜೀವ ಬಂತು. "ಆಗ್ಲಿ ಮಾವ, ನಾಳೇನೇ ಕೆಲ್ಸ ಬಿಟ್ಬಿಡ್ತೀನಿ!"

ಹೆಂಗಸರ ಕಡೆಯ ತಡಿಕೆಯ ಹಿಂದಿನಿಂದ ಮುನಿರತ್ನಮ್ಮನ ದನಿ ಕೇಳಿತು: "ಅಪ್ಪಯ್ಯ, ನಾನು ಒಪ್ಪಿದ್ದು ಬೆಂಗಳೂರಿಗೆ. ಒಂದೇ ಮಾತಿಗೆ ಅದನ್ನ ಬಿಟ್ಟು ಈ ಟೆಂಟಲ್ಲೇ ಕೂರೋ ಗಂಡು ನಂಗೆ ಬೇಡ."

ಆದಿನಾರಾಯಣಪ್ಪ ತಲೆ ಕೆರೆದುಕೊಂಡರು.

"ಹೋಗ್ಲಿ ಬಿಡಪ್ಪ. ಹೊರಡೋಕೆ ಮುಂಚೆ ನಾಳೆ ಆಟಕ್ಕೆ ಒಂದು ಸ್ಲೈಡು ಕೆರೆದುಕೊಟ್ಟು ಹೋಗು: 'ಟೆಂಟ್ ಮಾಲೀಕರ ಮಗಳಿಗೆ ಬೆಂಗಳೂರಿನ ವರ ಬೇಕಾಗಿದ್ದಾನೆ.' ಹೆಬ್ಬೆಟ್ಟು ಮಾತ್ರ ತಾಗಿಸ್ಬೇಡ."